ಹಲ್ಲುಸೆಟ್‌ಗೆ ಆಸರೆ ಕೊಡುವ ಇಂಪ್ಲಾಂಟ್: ಉದ್ದ ಇದ್ದಷ್ಟೂ ಗಟ್ಟಿಯೇ?

ಕೆಳದವಡೆಯ ಹಿಂಭಾಗದ ಹಲ್ಲುಗಳನ್ನೆಲ್ಲ ಕಳೆದುಕೊಂಡು, ಮುಂದಿನ ಆರೋ ಎಂಟೋ ಹಲ್ಲುಗಳನ್ನಷ್ಟೇ ಉಳಿಸಿಕೊಂಡ ಹಿರಿಯರು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅವರಲ್ಲಿ ಹಲವರು ತೆಗೆದು ಹಾಕುವ ಹಲ್ಲುಸೆಟ್ ಕಟ್ಟಿಸಿಕೊಂಡಿರುತ್ತಾರೆ. ಆದರೆ ಆ ಸೆಟ್ ದಿನದ ಬಹುಪಾಲು ನೀರು ತುಂಬಿದ ಡಬ್ಬಿಯಲ್ಲೇ ಕೂತಿರುತ್ತದೆ. "ಅಲ್ಲಾಡತ್ತೆ, ಕೆಳಗೆ ಉಜ್ಜಿ ಹುಣ್ಣಾಗತ್ತೆ, ಚಕ್ಕುಲಿ ಬಿಡು, ಚಪಾತಿ ಅಗಿಯೋಕೂ ಆಗಲ್ಲ" ಎಂಬುದು ಅವರ ದೂರು. ಮುಂದಿನ ಹಲ್ಲು ಹೋಗಿದ್ದರೆ ಮುಖದ ಅಂದಕ್ಕಾದರೂ ಸೆಟ್ ಹಾಕಿಕೊಳ್ಳುತ್ತಿದ್ದರು. ಹಿಂದಿನ ಹಲ್ಲು ಹೋದದ್ದು ಯಾರಿಗೂ ಕಾಣುವುದಿಲ್ಲವಾದ್ದರಿಂದ ಆ ಒತ್ತಾಯವೂ ಇಲ್ಲ.

ಇಂಥವರಿಗೆ ಈಗ ದಂತವೈದ್ಯರು ಒಂದು ಮಧ್ಯಮ ದಾರಿ ಹೇಳುತ್ತಾರೆ. ಪ್ರತಿ ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಹಾಕದೆ, ದವಡೆಯ ಎರಡೂ ಬದಿಗೆ ಒಂದೊಂದು ನೆಟ್ಟು, ಅದರ ಮೇಲೆ ಅದೇ ತೆಗೆದು ಹಾಕುವ ಸೆಟ್ಟನ್ನು ಕೂರಿಸುವುದು. ಸ್ಕ್ಯಾನ್ ಆದ ಮೇಲೆ "ಮೂಳೆಯ ಎತ್ತರ ಕಡಿಮೆ ಇದೆ, 6 ಮಿಲಿಮೀಟರಿನದು ಹಾಕಬಹುದು" ಎಂದರೆ ಮನೆಯವರಿಗೆ ಅನುಮಾನ ಶುರು. ಪಕ್ಕದ ಮನೆಯವರಿಗೆ 12 ಮಿಲಿಮೀಟರಿನದು ಹಾಕಿದ್ದಾರೆ. ಅರ್ಧ ಉದ್ದದ ಮೊಳೆ ಎಷ್ಟು ದಿನ ನಿಂತೀತು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ತೆಗೆದು ಹಾಕುವ ಸೆಟ್‌ಗೆ ಆಸರೆಯಾಗಿ ನೆಡುವ ಇಂಪ್ಲಾಂಟ್‌ನಲ್ಲಿ ಉದ್ದಕ್ಕಿಂತ ಅದು ನಿಂತ ಜಾಗ ಮತ್ತು ಅದರ ಮೇಲೆ ಸೆಟ್ ಕೂರುವ ಬಗೆ ಹೆಚ್ಚು ಮುಖ್ಯ. ಕೆಳದವಡೆಯ ಗಟ್ಟಿ ಮೂಳೆಯಲ್ಲಿ 6ರಿಂದ 8 ಮಿಲಿಮೀಟರಿನದು ಬಹುತೇಕ ಸಂದರ್ಭಗಳಲ್ಲಿ ಒಪ್ಪತಕ್ಕ ಆಯ್ಕೆ. ಎಲ್ಲ ಸಂದರ್ಭದಲ್ಲೂ ಅಲ್ಲ. ಆ ಮಾತೂ ಮುಂದೆ ಬರುತ್ತದೆ.

ಸೆಟ್ ಅಲ್ಲಾಡುವುದು ಏಕೆ?

ನ್ಯೂಯಾರ್ಕಿನ ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ ಹಲ್ಲು ಹೋದ ದವಡೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಇಂದಿಗೂ ದಂತವೈದ್ಯ ಕಾಲೇಜುಗಳಲ್ಲಿ ಪಾಠ ಮಾಡುವುದು ಅದನ್ನೇ. ಎರಡೂ ಬದಿಯ ಹಿಂದಿನ ಹಲ್ಲುಗಳು ಹೋಗಿದ್ದರೆ ಒಂದನೇ ವರ್ಗ, ಒಂದೇ ಬದಿಯವು ಹೋಗಿದ್ದರೆ ಎರಡನೆಯದು. ಮೂರನೆಯದರಲ್ಲಿ ಖಾಲಿ ಜಾಗದ ಹಿಂದೆಯೂ ಮುಂದೆಯೂ ಹಲ್ಲು ಇರುತ್ತದೆ. ಮುಂಭಾಗದ ನಡುವಿನ ಹಲ್ಲುಗಳು ಹೋಗಿದ್ದರೆ ನಾಲ್ಕನೆಯದು. ಮೂರನೇ ವರ್ಗದವರ ಸೆಟ್ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ, ಏಕೆಂದರೆ ಎರಡೂ ತುದಿಗೆ ಹಲ್ಲಿನ ಆಧಾರವಿದೆ. ಡಬ್ಬಿ ಸೇರುವ ಸೆಟ್ಟುಗಳಲ್ಲಿ ಹೆಚ್ಚಿನವು ಒಂದನೇ ಮತ್ತು ಎರಡನೇ ವರ್ಗದವು.

ಕಾರಣ ಸರಳ. ಒಂದು ಹಲಗೆಯ ಒಂದು ತುದಿಯನ್ನು ಕಲ್ಲಿನ ಕಟ್ಟೆಯ ಮೇಲೂ ಇನ್ನೊಂದನ್ನು ಹತ್ತಿಯ ಹಾಸಿಗೆಯ ಮೇಲೂ ಇಟ್ಟಿದ್ದೀರಿ ಎಂದುಕೊಳ್ಳಿ. ಹಾಸಿಗೆಯ ಕಡೆ ಕೂತರೆ ಆ ತುದಿ ಕುಸಿಯುತ್ತದೆ, ಕಟ್ಟೆಯ ಮೇಲಿನ ತುದಿ ಮೇಲೇಳಲು ನೋಡುತ್ತದೆ. ಬಾಯಲ್ಲಿ ಕಟ್ಟೆ ಎಂದರೆ ಉಳಿದ ಮುಂದಿನ ಹಲ್ಲು, ಹಾಸಿಗೆ ಎಂದರೆ ಹಿಂದಿನ ವಸಡು. ಹಲ್ಲಿನ ಬೇರಿನ ಸುತ್ತ ಒಂದು ತೆಳುವಾದ ತಂತುಪೊರೆ ಇರುತ್ತದೆ. ಅಗಿಯುವ ಒತ್ತಡ ಬಿದ್ದಾಗ ಹಲ್ಲು ಅದರೊಳಗೆ ಕುಸಿಯುವುದು ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ವಸಡು ಅದರ ಹಲವು ಪಟ್ಟು ಅಮುಕಿಕೊಳ್ಳುತ್ತದೆ. ಹೀಗೆ ಒಂದೇ ಸೆಟ್ಟಿನ ಎರಡು ತುದಿಗಳ ಕೆಳಗೆ ಎರಡು ಬಗೆಯ ನೆಲ. ಪ್ರತಿ ತುತ್ತಿಗೂ ಸೆಟ್ ಹಿಂದಕ್ಕೆ ವಾಲಿ ಏಳುತ್ತದೆ.

ಇದರಿಂದ ಎರಡು ಹಾನಿ. ಸೆಟ್ಟನ್ನು ಹಿಡಿದುಕೊಂಡ ಲೋಹದ ಕೊಕ್ಕೆಗಳು, ಹಾರೆಯಿಂದ ಕಲ್ಲು ಮೀಟಿದ ಹಾಗೆ, ಕೊನೆಯ ಹಲ್ಲನ್ನು ದಿನವೂ ಮೀಟುತ್ತಿರುತ್ತವೆ. ಸೆಟ್ಟಿನ ವಿನ್ಯಾಸ ಕೆಟ್ಟದಾಗಿದ್ದರೆ ವರ್ಷಗಳಲ್ಲಿ ಆ ಹಲ್ಲೂ ಸಡಿಲವಾಗಬಹುದು. ಎರಡನೆಯದಾಗಿ, ವಸಡಿನ ಕೆಳಗಿನ ಮೂಳೆ ಸವೆಯುತ್ತದೆ. ಹಲ್ಲು ಕಿತ್ತ ಮೇಲೆ ಮೂಳೆ ಕರಗುವುದು ಸಹಜವೇ. ಅಗಿಯುವ ಹಲ್ಲುಗಳ ಜಾಗದಲ್ಲಿ ಮೂಳೆಯ ಅಗಲ ಮೊದಲ ವರ್ಷದಲ್ಲೇ ಅರ್ಧದಷ್ಟು ಇಳಿಯಬಹುದು. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ಣ ಸೆಟ್ ಹಾಕುವವರ ದವಡೆಗಳನ್ನು 25 ವರ್ಷಗಳ ಅವಧಿಯಲ್ಲಿ ಅಳೆದು 1972ರಲ್ಲಿ ಪ್ರಕಟಿಸಿದ ಲೆಕ್ಕ ಪ್ರಸಿದ್ಧವಾದದ್ದು: ಕೆಳದವಡೆಯ ಏಣು ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ಹತ್ತು ವರ್ಷದ ಹಿಂದೆ ಹಲ್ಲು ಕೀಳಿಸಿ ಸುಮ್ಮನಿದ್ದವರಿಗೆ ಈಗ "ಮೂಳೆ ಸಾಲದು" ಎಂಬ ಮಾತು ಕೇಳಿಬರುವುದು ಇದರಿಂದಲೇ.

ಕರ್ನಾಟಕದಲ್ಲಿ ದಂತಭಾಗ್ಯ ಯೋಜನೆಯಡಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಮಾಡಿಕೊಡುವ ಏರ್ಪಾಡು ಬಂದದ್ದು ಒಳ್ಳೆಯದೇ. ಆದರೆ ಸೆಟ್ ಯಾರೇ ಮಾಡಿಕೊಟ್ಟಿರಲಿ, ಎಷ್ಟೇ ದುಬಾರಿಯದಾಗಿರಲಿ, ಹಿಂದಿನ ತುದಿಗೆ ಆಧಾರವಿಲ್ಲ ಎಂಬ ತೊಂದರೆ ಹಾಗೆಯೇ ಇರುತ್ತದೆ. ಮೂಳೆ ಸವೆದಂತೆ ಸೆಟ್ಟಿನ ಒಳಮೈಗೆ ಹೊಸ ಪದರ ಕೊಡಿಸುತ್ತಿರಬೇಕು. ಇದನ್ನು ಮಾಡಿಸುವವರು ಕಡಿಮೆ.

ಹಾಸಿಗೆಯ ಕೆಳಗೊಂದು ಇಟ್ಟಿಗೆ

ಹಲಗೆ ವಾಲದಂತೆ ಮಾಡಲು ಹಾಸಿಗೆಯನ್ನೇ ಬದಲಿಸಬೇಕಾಗಿಲ್ಲ. ಆ ತುದಿಗೆ ಒಂದು ಇಟ್ಟಿಗೆ ಕೊಟ್ಟರಾಯಿತು. ದವಡೆಯ ಹಿಂಭಾಗದಲ್ಲಿ ನೆಟ್ಟ ಇಂಪ್ಲಾಂಟ್ ಮಾಡುವುದು ಇಷ್ಟೇ. ಕೆನಡಿಯ ಒಂದನೇ ವರ್ಗದ ಬಾಯಿಯನ್ನು ಅದು ಹೆಚ್ಚುಕಡಿಮೆ ಮೂರನೇ ವರ್ಗಕ್ಕೆ ತರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ, ಉದ್ದದ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಇಂಪ್ಲಾಂಟ್ ಮೇಲೆ ಸ್ಥಿರವಾದ ಹಲ್ಲು ಕಟ್ಟಿದಾಗ ಆ ಒಂದೇ ಇಂಪ್ಲಾಂಟ್ ಅಷ್ಟೂ ಒತ್ತಡವನ್ನು ಹೊರಬೇಕು. ಮೂಳೆ ಸವೆದ ಕಡೆ ಮೇಲಿನ ಕೃತಕ ಹಲ್ಲು ಎತ್ತರವಾಗಿಯೂ ಇರುತ್ತದೆ. ನೆಲದೊಳಗೆ 6 ಮಿಲಿಮೀಟರ್, ಮೇಲೆ 12 ಮಿಲಿಮೀಟರ್ ಎಂದರೆ ಪಕ್ಕದಿಂದ ತಳ್ಳುವ ಬಲಕ್ಕೆ ಉದ್ದನೆಯ ಹಿಡಿ ಸಿಕ್ಕಂತೆ. ತೆಗೆದು ಹಾಕುವ ಸೆಟ್ಟಿನ ಕೆಳಗಿನ ಇಂಪ್ಲಾಂಟ್‌ಗೆ ಅಂಥ ಎತ್ತರದ ಹಲ್ಲು ಅಂಟಿರುವುದಿಲ್ಲ. ವಸಡಿನಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಮೇಲೆ ಬರುವ ಒಂದು ಗುಂಡಿ, ಅಷ್ಟೆ. ಬಲ ಬಹುಮಟ್ಟಿಗೆ ಮೇಲಿನಿಂದ ನೆಟ್ಟಗೆ ಬೀಳುತ್ತದೆ. ಅದನ್ನೂ ಇಂಪ್ಲಾಂಟ್ ಒಂದೇ ಹೊರುವುದಿಲ್ಲ; ಮುಂದಿನ ಹಲ್ಲುಗಳೂ ಸೆಟ್ಟಿನ ಕೆಳಗಿನ ಅಗಲವಾದ ವಸಡೂ ಪಾಲು ಹೊರುತ್ತವೆ.

‘ಆಳಕ್ಕೆ ಹೋದಷ್ಟೂ ಭದ್ರ’ ಎಂಬ ನಂಬಿಕೆಯ ಮೂಲ

ಬೇಲಿಗೆ ಕಂಬ ನೆಡುವವರು ಆಳಕ್ಕೆ ಗುಂಡಿ ತೋಡುತ್ತಾರೆ. ಆ ಅನುಭವವೇ ನಮ್ಮನ್ನು ಇಲ್ಲಿ ದಾರಿ ತಪ್ಪಿಸುವುದು. ವೈದ್ಯರೂ ಬಹುಕಾಲ ಇದನ್ನೇ ನಂಬಿದ್ದರು, ಅದಕ್ಕೆ ಕಾರಣವೂ ಇತ್ತು.

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಲೋಹದ ಉಪಕರಣ ಕೂರಿಸಿ ರಕ್ತಸಂಚಾರವನ್ನು ನೋಡುತ್ತಿದ್ದಾಗ, ಆ ಲೋಹ ಮೂಳೆಗೆ ಬೆಸೆದುಕೊಂಡು ಹೊರಗೆ ಬಾರದಾಯಿತು. ಅದರಿಂದ ಹುಟ್ಟಿದ್ದು ಈ ವಿದ್ಯೆ. 1965ರಲ್ಲಿ ಮೊದಲ ಬಾರಿಗೆ ಮನುಷ್ಯನೊಬ್ಬನ ದವಡೆಗೆ ಅಂಥ ಇಂಪ್ಲಾಂಟ್ ಹಾಕಲಾಯಿತು. ಆರಂಭದ ಇಂಪ್ಲಾಂಟ್‌ಗಳ ಮೈ ಯಂತ್ರದಲ್ಲಿ ಕಡೆದ ನುಣುಪಿನದು. ನುಣುಪು ಮೈಗೆ ಮೂಳೆ ಹಿಡಿಯುವುದು ನಿಧಾನ, ಹಿಡಿದ ಪ್ರಮಾಣವೂ ಕಡಿಮೆ. ಅಂಥವುಗಳಲ್ಲಿ ಗಿಡ್ಡವು ಹೆಚ್ಚಾಗಿ ಸೋತದ್ದು ನಿಜ. ಆಗ 10 ಮಿಲಿಮೀಟರಿಗಿಂತ ಕಡಿಮೆ ಇದ್ದದ್ದೆಲ್ಲ ‘ಗಿಡ್ಡ’ವೇ. ಉದ್ದದ ಇಂಪ್ಲಾಂಟ್‌ಗೆ ಸಿಕ್ಕ ಮರ್ಯಾದೆ ಆ ಕಾಲದ್ದು.

1990ರ ದಶಕದಿಂದೀಚೆಗೆ ಮರಳು ಸಿಡಿಸಿ, ಆಮ್ಲದಲ್ಲಿ ಅದ್ದಿ ಮೈಯನ್ನು ತರಿತರಿಯಾಗಿಸುವ ವಿಧಾನಗಳು ಬಳಕೆಗೆ ಬಂದವು. ಒಂದೇ ಉದ್ದದ ಇಂಪ್ಲಾಂಟ್‌ಗೆ ಈಗ ಮೂಳೆ ಹಿಡಿಯುವ ಜಾಗ ಮೊದಲಿಗಿಂತ ಹೆಚ್ಚು. ಹಾಗಾಗಿ ‘ಗಿಡ್ಡ’ ಎಂಬ ಮಾತಿನ ಅರ್ಥವೂ ಜರುಗುತ್ತ ಬಂದಿದೆ. ಈಗ ಬಹುತೇಕರು ಆ ಹೆಸರಿನಿಂದ ಕರೆಯುವುದು 8 ಮಿಲಿಮೀಟರಿಗಿಂತ ಕಡಿಮೆಯವನ್ನು, ಕೆಲವರು 6 ಮತ್ತು ಅದಕ್ಕೂ ಕಡಿಮೆಯವನ್ನು ಮಾತ್ರ. ಹಳೆಯ ಪುಸ್ತಕ ಓದಿದವರೂ ಹೊಸ ಪುಸ್ತಕ ಓದಿದವರೂ ಒಂದೇ ಪದ ಬಳಸಿ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿರಬಹುದು.

ಭಾರ ಬೀಳುವುದು ಬಾಯಿಗೆ, ಬುಡಕ್ಕಲ್ಲ

ಬೇಲಿಯ ಕಂಬಕ್ಕೆ ಮಣ್ಣು ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ತರಹ. ದವಡೆಯ ಮೂಳೆ ಹಾಗಲ್ಲ. ಹೊರಗೆ ಒಂದೆರಡು ಮಿಲಿಮೀಟರ್ ದಪ್ಪದ ಗಟ್ಟಿ ಪದರ, ಒಳಗೆ ಜಾಲರಿಯಂಥ ಮೆದು ಮೂಳೆ. ಗಟ್ಟಿ ವಸ್ತುವೇ ಹೆಚ್ಚು ಬಲವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಇಂಪ್ಲಾಂಟ್ ಮೇಲೆ ಬಿದ್ದ ಭಾರದ ಹೆಚ್ಚಿನ ಪಾಲು ಅದರ ಕುತ್ತಿಗೆಯ ಸುತ್ತ, ಮೇಲಿನ ಕೆಲವು ತಿರುಪಿನ ಸುತ್ತುಗಳಲ್ಲೇ ಮೂಳೆಗೆ ದಾಟಿಬಿಡುತ್ತದೆ. ತುದಿಯವರೆಗೆ ಇಳಿಯುವುದು ಸ್ವಲ್ಪ. ಕೆಳಗೆ ಇನ್ನೂ ನಾಲ್ಕು ಮಿಲಿಮೀಟರ್ ಸೇರಿಸಿದರೆ ಕುತ್ತಿಗೆಯ ಒತ್ತಡ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದರೆ ದಪ್ಪ ಹೆಚ್ಚಿಸಿದರೆ ಕುತ್ತಿಗೆಯ ಸುತ್ತಳತೆಯೇ ಹೆಚ್ಚುತ್ತದೆ, ಭಾರ ಹಂಚಿಹೋಗುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಇಂಪ್ಲಾಂಟನ್ನು ನುಣುಪಾದ ಸಿಲಿಂಡರ್ ಎಂದುಕೊಂಡರೆ 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ್ದರ ಪಕ್ಕದ ಮೈ ಸುಮಾರು 126 ಚದರ ಮಿಲಿಮೀಟರ್. 5 ಮಿಲಿಮೀಟರ್ ದಪ್ಪ, 8 ಮಿಲಿಮೀಟರ್ ಉದ್ದದ್ದಕ್ಕೂ ಅಷ್ಟೇ. ಎರಡು ಮಿಲಿಮೀಟರ್ ಉದ್ದ ಬಿಟ್ಟುಕೊಟ್ಟು ಒಂದು ಮಿಲಿಮೀಟರ್ ದಪ್ಪ ಪಡೆದರೆ ಮೈ ಸರಿಸಮ. ಆದರೆ ಇದಕ್ಕೆ ಮೂಳೆ ಅಗಲವಾಗಿರಬೇಕು, ಇಂಪ್ಲಾಂಟಿನ ಎರಡೂ ಪಕ್ಕ ಕನಿಷ್ಠ ಒಂದೂವರೆ ಮಿಲಿಮೀಟರಾದರೂ ಮೂಳೆ ಉಳಿಯಬೇಕು. ಎತ್ತರವೂ ಇಲ್ಲದೆ ಅಗಲವೂ ಇಲ್ಲದ ದವಡೆಗೆ ಈ ಲೆಕ್ಕ ನೆರವಾಗದು.

ಈ ವಿಷಯವನ್ನು ಸಂಶೋಧಕರು ಹೆಚ್ಚಾಗಿ ಪರೀಕ್ಷಿಸಿರುವುದು ಕಂಪ್ಯೂಟರಿನಲ್ಲಿ. ದವಡೆ, ವಸಡು, ಸೆಟ್, ಇಂಪ್ಲಾಂಟ್ ಎಲ್ಲವನ್ನೂ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು, ಒತ್ತಡ ಕೊಟ್ಟಾಗ ಯಾವ ತುಣುಕು ಎಷ್ಟು ನಲುಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸೇತುವೆ, ವಿಮಾನಗಳಿಗೆ ಎಂಜಿನಿಯರುಗಳು ಬಳಸುವ ಫೈನೈಟ್ ಎಲಿಮೆಂಟ್ ವಿಧಾನ ಇದು. ಬ್ರೆಜಿಲ್ ದೇಶದ ತಂಡವೊಂದು 2007ರಲ್ಲಿ, ಹಿಂಬದಿಯ ಆಧಾರವಿಲ್ಲದ ಸೆಟ್ಟಿನ ಕೆಳಗೆ ಬೇರೆ ಬೇರೆ ಉದ್ದ ಮತ್ತು ದಪ್ಪದ ಇಂಪ್ಲಾಂಟ್‌ಗಳನ್ನು ಇಟ್ಟು ಇಂಥ ಲೆಕ್ಕ ಪ್ರಕಟಿಸಿತು. ಇಂಥ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಕಾಣುವ ಚಿತ್ರ ಹೀಗಿದೆ: ಇಂಪ್ಲಾಂಟ್ ಇಲ್ಲದಿರುವುದಕ್ಕೂ ಒಂದು ಇರುವುದಕ್ಕೂ ನಡುವಿನ ವ್ಯತ್ಯಾಸ ದೊಡ್ಡದು, ಸೆಟ್ಟಿನ ಕುಸಿತ ಎದ್ದುಕಾಣುವಷ್ಟು ಇಳಿಯುತ್ತದೆ. ಗಿಡ್ಡದ್ದಕ್ಕೂ ಉದ್ದದ್ದಕ್ಕೂ ನಡುವಿನ ವ್ಯತ್ಯಾಸ ಅದರ ಮುಂದೆ ಚಿಕ್ಕದು.

ಆದರೆ ಕಂಪ್ಯೂಟರಿನ ದವಡೆಗೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಅದು ಬೀಡಿ ಸೇದುವುದಿಲ್ಲ, ನಿದ್ದೆಯಲ್ಲಿ ಹಲ್ಲು ಕಡಿಯುವುದೂ ಇಲ್ಲ. ಮೂಳೆ ಇಂಪ್ಲಾಂಟಿನ ಮೈಗೆ ನೂರಕ್ಕೆ ನೂರು ಅಂಟಿದೆ ಎಂದು ಆ ಲೆಕ್ಕಗಳು ಸಾಮಾನ್ಯವಾಗಿ ಹಿಡಿದುಕೊಳ್ಳುತ್ತವೆ. ನಿಜವಾದ ಬಾಯಲ್ಲಿ ಹಾಗಿರುವುದಿಲ್ಲ. ಬಲ ಎತ್ತ ಹರಿಯುತ್ತದೆ ಎಂದು ತಿಳಿಯಲು ಈ ಲೆಕ್ಕ ಒಳ್ಳೆಯದು; ಇಂಪ್ಲಾಂಟ್ ಎಷ್ಟು ವರ್ಷ ಬಾಳುತ್ತದೆ ಎಂದು ತಿಳಿಯಲು ಮನುಷ್ಯರನ್ನೇ ನೋಡಬೇಕು.

ಉದ್ದದ ಆಸೆಗೆ ತೆರಬೇಕಾದ ಬೆಲೆ

ಉದ್ದದ್ದೇ ಹಾಕಿಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಮೂಳೆ ಧಾರಾಳವಾಗಿದ್ದರೆ ನಷ್ಟವಿಲ್ಲ. ಇಲ್ಲದ ಕಡೆ ಹಾಕಹೊರಟರೆ ಇದೆ.

ಕೆಳದವಡೆಯ ಹಿಂಭಾಗದ ಮೂಳೆಯೊಳಗೆ ಒಂದು ಕಾಲುವೆ ಹರಿದಿರುತ್ತದೆ. ಅದರಲ್ಲಿ ನರವೂ ರಕ್ತನಾಳಗಳೂ ಸಾಗಿ, ಮುಂದವಡೆಯ ಬೇರುಗಳ ಹತ್ತಿರ ಒಂದು ಕಿಂಡಿಯಿಂದ ಹೊರಬಂದು ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುತ್ತವೆ. ಮೂಳೆ ಮೇಲಿನಿಂದ ಸವೆಯುತ್ತ ಬಂದಂತೆ ಈ ಕಾಲುವೆ ಮೇಲ್ಮೈಗೆ ಹತ್ತಿರವಾಗುತ್ತದೆ. ಇಂಪ್ಲಾಂಟ್ ಅಥವಾ ಅದಕ್ಕಾಗಿ ಕೊರೆಯುವ ಡ್ರಿಲ್ ಆ ನರಕ್ಕೆ ತಗುಲಿದರೆ ತುಟಿಯ ಅರ್ಧಭಾಗ ಜೋಮು ಹಿಡಿಯುತ್ತದೆ. ತುಟಿ ಸೊಟ್ಟಗಾಗುವುದಿಲ್ಲ, ಏಕೆಂದರೆ ತುಟಿಯನ್ನು ಆಡಿಸುವ ನರ ಬೇರೆ. ಕಾಫಿ ಬಿಸಿಯಿದೆಯೇ ಎಂದು ಗೊತ್ತಾಗುವುದಿಲ್ಲ, ಜೊಲ್ಲು ಸುರಿದದ್ದು ತಿಳಿಯುವುದಿಲ್ಲ, ಕ್ಷೌರ ಮಾಡುವಾಗ ಗಾಯವಾದರೂ ಅರಿವಾಗುವುದಿಲ್ಲ. ಕೆಲವರಿಗೆ ಉರಿ, ಚುಚ್ಚುವ ನೋವು ಉಳಿದುಬಿಡುತ್ತದೆ. ಹಲವರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ, ಎಲ್ಲರಲ್ಲೂ ಅಲ್ಲ. ಮರಗಟ್ಟುವ ಚುಚ್ಚುಮದ್ದಿನ ಪ್ರಭಾವ ಇಳಿಯಬೇಕಾದ ಹೊತ್ತು ದಾಟಿದ ಮೇಲೂ ತುಟಿ ಜೋಮಾಗಿಯೇ ಇದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು. ನರವನ್ನು ಒತ್ತುತ್ತಿರುವ ಇಂಪ್ಲಾಂಟನ್ನು ಬೇಗ ಹೊರತೆಗೆದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಇದಕ್ಕೇ ಇಂಪ್ಲಾಂಟಿನ ತುದಿಗೂ ನರದ ಕಾಲುವೆಗೂ ನಡುವೆ 2 ಮಿಲಿಮೀಟರ್ ಬಿಡಬೇಕೆಂಬ ನಿಯಮ. ಸ್ಕ್ಯಾನಿನಲ್ಲಿ ಕಾಲುವೆಯ ಮೇಲೆ ಒಂಬತ್ತೂವರೆ ಮಿಲಿಮೀಟರ್ ಮೂಳೆ ಕಂಡರೆ ಬಳಸಬಹುದಾದದ್ದು ಏಳೂವರೆ ಮಾತ್ರ. ಡ್ರಿಲ್ಲಿನ ಮೊನೆ ಇಂಪ್ಲಾಂಟಿಗಿಂತ ಕೊಂಚ ಉದ್ದವಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿಗೆ 8 ಮಿಲಿಮೀಟರಿನದು ಅಪಾಯ, 6ರದ್ದು ಸುರಕ್ಷಿತ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇ ನೋಡಿ ಈ ಲೆಕ್ಕ ಹಾಕುವುದು ಸರಿಯಲ್ಲ. ಆ ಚಿತ್ರ ವಸ್ತುವನ್ನು ಹಿಗ್ಗಿಸಿ ತೋರಿಸುತ್ತದೆ, ಎಲ್ಲ ಕಡೆ ಒಂದೇ ಪ್ರಮಾಣದಲ್ಲೂ ಅಲ್ಲ; ಅಗಲವಂತೂ ಕಾಣುವುದೇ ಇಲ್ಲ. ಅರ್ಧ ಮಿಲಿಮೀಟರಿಗೂ ಬೆಲೆ ಇರುವ ಇಂಥ ಕಡೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು.

ಮೂಳೆ ಕಡಿಮೆ ಇದ್ದಾಗ ಇನ್ನೊಂದು ದಾರಿ ಮೂಳೆ ಕಸಿ ಮಾಡಿ ಎತ್ತರ ಹೆಚ್ಚಿಸುವುದು. ಕೆಳದವಡೆಯ ಹಿಂಭಾಗದಲ್ಲಿ ಮೂಳೆಯನ್ನು ಮೇಲ್ಮುಖವಾಗಿ ಬೆಳೆಸುವುದು ಪಳಗಿದ ಕೈಗಳಿಗೂ ಕಷ್ಟದ ಕೆಲಸ. ಎರಡು ಶಸ್ತ್ರಚಿಕಿತ್ಸೆ, ತಿಂಗಳುಗಳ ಕಾಯುವಿಕೆ, ಸೋಂಕಿನ ಅಪಾಯ, ಹೆಚ್ಚಿನ ಖರ್ಚು. ತೆಗೆದು ಹಾಕುವ ಸೆಟ್ಟಿಗೆ ಒಂದು ಆಧಾರ ಬೇಕು ಎಂಬ ಒಂದೇ ಕಾರಣಕ್ಕೆ ಎಪ್ಪತ್ತು ದಾಟಿದವರನ್ನು ಇದಕ್ಕೆ ಒಡ್ಡುವುದು, ಗಿಡ್ಡ ಇಂಪ್ಲಾಂಟ್ ಸಾಧ್ಯವಿರುವಾಗ, ಸಮರ್ಥಿಸಲು ಕಷ್ಟ.

ಮೇಲ್ದವಡೆಯಲ್ಲಿ ಅಡ್ಡಬರುವುದು ನರವಲ್ಲ, ಸೈನಸ್ ಎಂಬ ಗಾಳಿಗೂಡು. ಹಿಂದಿನ ಹಲ್ಲು ಹೋದ ಮೇಲೆ ಅದು ಕೆಳಕ್ಕೆ ಹಿಗ್ಗಿ ಮೂಳೆಯನ್ನು ಇನ್ನಷ್ಟು ತೆಳುವಾಗಿಸುತ್ತದೆ. ಈ ಮಾತಿನ ನಡುವೆ ನಮ್ಮಲ್ಲಿ ಪದೇ ಪದೇ ಕೇಳಿಬರುವ ಒಂದು ಹೆದರಿಕೆಯನ್ನೂ ತೆಗೆದುಹಾಕೋಣ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎಂಬುದು ಸುಳ್ಳು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಹಲ್ಲು ಹೋಗುವ ವಯಸ್ಸಿನಲ್ಲೇ ಪೊರೆಯೂ ಚಾಳೀಸವೂ ಬರುವುದರಿಂದ ಈ ಗಂಟು ಬಿದ್ದಿರಬೇಕು.

ಗಿಡ್ಡದ್ದು ಸಾಲದ ಸಂದರ್ಭಗಳು

ಉದ್ದಕ್ಕೆ ಬೆಲೆಯೇ ಇಲ್ಲ ಎಂದು ಹೇಳಿದರೆ ಅದೂ ತಪ್ಪೇ. ಹಿಂದವಡೆಯಲ್ಲಿ 6 ಮಿಲಿಮೀಟರ್ ಮತ್ತು ಅದಕ್ಕಿಂತ ಗಿಡ್ಡ ಇಂಪ್ಲಾಂಟ್‌ಗಳನ್ನು ಉದ್ದದವುಗಳ ಜೊತೆ ಹೋಲಿಸಿದ ಹತ್ತು ಪ್ರಯೋಗಗಳ ಒಂದು ಸಮೀಕ್ಷೆ 2018ರಲ್ಲಿ ಬಂತು. ಒಂದರಿಂದ ಐದು ವರ್ಷಗಳಲ್ಲಿ ಉಳಿದುಕೊಂಡವು ಗಿಡ್ಡದ್ದರಲ್ಲಿ ಸರಾಸರಿ ಶೇ. 96, ಉದ್ದದ್ದರಲ್ಲಿ ಶೇ. 98. ಸರಾಸರಿಯಲ್ಲಿ ಅಂತರ ಚಿಕ್ಕದೇ. ಆದರೆ ಗಿಡ್ಡವು ಕೆಲವು ಪ್ರಯೋಗಗಳಲ್ಲಿ ಶೇ. 87ರವರೆಗೂ ಇಳಿದಿದ್ದವು, ಉದ್ದದವು ಶೇ. 95ಕ್ಕಿಂತ ಕೆಳಗೆ ಹೋಗಿರಲಿಲ್ಲ. ಎಂದರೆ ಗಿಡ್ಡ ಇಂಪ್ಲಾಂಟ್ ತಪ್ಪನ್ನು ಅಷ್ಟಾಗಿ ಕ್ಷಮಿಸುವುದಿಲ್ಲ. ಕುತ್ತಿಗೆಯ ಸುತ್ತ 2 ಮಿಲಿಮೀಟರ್ ಮೂಳೆ ಸವೆದರೆ 12ರದ್ದಕ್ಕೆ ಇನ್ನೂ 10 ಉಳಿಯುತ್ತದೆ, 6ರದ್ದಕ್ಕೆ ಉಳಿಯುವುದು ನಾಲ್ಕೇ. ಈ ಅಂಕಿಗಳು ಸ್ಥಿರ ಹಲ್ಲು ಕಟ್ಟಿದ ಇಂಪ್ಲಾಂಟ್‌ಗಳವು, ಸೆಟ್ಟಿನ ಕೆಳಗಿನವಲ್ಲ ಎಂಬುದು ನೆನಪಿರಲಿ.

ಮೂಳೆಯ ಗುಣ ಇನ್ನೊಂದು ವಿಷಯ. ನೆಟ್ಟ ದಿನ ಇಂಪ್ಲಾಂಟನ್ನು ಹಿಡಿದಿಡುವುದು ತಿರುಪಿನ ಬಿಗಿ ಮಾತ್ರ. ಮೂಳೆ ಬೆಸೆಯುವುದು ಆಮೇಲೆ. ಕೆಳದವಡೆಯ ಗಟ್ಟಿ ಮೂಳೆಯಲ್ಲಿ ಆ ಬಿಗಿ ಸುಲಭವಾಗಿ ಸಿಗುತ್ತದೆ. ಮೇಲ್ದವಡೆಯ ಹಿಂಭಾಗದ ಮೂಳೆ ಮೆದು, ಅಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ಸಿಕ್ಕರೆ ನಿಜವಾಗಿಯೂ ಉಪಯೋಗವಿದೆ. ಕೆಳದವಡೆಯ ಭರವಸೆಯನ್ನು ಹಾಗೆಯೇ ಮೇಲಕ್ಕೆ ಸಾಗಿಸಬಾರದು. ಧೂಮಪಾನಿಗಳು, ಹತೋಟಿಯಲ್ಲಿಲ್ಲದ ಮಧುಮೇಹದವರು, ರಾತ್ರಿ ಹಲ್ಲು ಕಡಿಯುವವರು, ಹಿಂದೆ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರು ಇವರಲ್ಲೆಲ್ಲ ಸೋಲಿನ ಸಾಧ್ಯತೆ ಹೆಚ್ಚು, ಉದ್ದ ಎಷ್ಟೇ ಇರಲಿ. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಚುಚ್ಚುಮದ್ದು ಅಥವಾ ವಾರಕ್ಕೊಮ್ಮೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಂಗಸರು ಅದನ್ನು ದಂತವೈದ್ಯರಿಗೆ ಮೊದಲೇ ಹೇಳಲೇಬೇಕು. ಆ ಔಷಧಗಳಲ್ಲಿ ಕೆಲವು ದವಡೆಯ ಗಾಯ ಮಾಯುವುದನ್ನು ತಡೆಯಬಲ್ಲವು. ಹಲ್ಲಿಗೂ ಆ ಮಾತ್ರೆಗೂ ಏನು ಸಂಬಂಧ ಎಂದುಕೊಂಡು ಹೇಳದೆ ಬಿಡುವವರೇ ಹೆಚ್ಚು.

ಎಲ್ಲಿ ನೆಡುವುದು?

ಉದ್ದದ ಬಗ್ಗೆ ಇಷ್ಟೆಲ್ಲ ಕೇಳುವವರು ಜಾಗದ ಬಗ್ಗೆ ಕೇಳುವುದಿಲ್ಲ. ಎರಡು ಆಯ್ಕೆಗಳಿವೆ: ಉಳಿದ ಹಲ್ಲಿನ ಪಕ್ಕದಲ್ಲೇ, ಮುಂದವಡೆ ಹಲ್ಲಿನ ಜಾಗದಲ್ಲಿ, ಅಥವಾ ದೂರ ಹಿಂದಕ್ಕೆ, ಹಿಂದವಡೆ ಹಲ್ಲಿನ ಜಾಗದಲ್ಲಿ. ಮುಂದೆ ನೆಟ್ಟರೆ ಸಾಮಾನ್ಯವಾಗಿ ಮೂಳೆ ಹೆಚ್ಚು ಸಿಗುತ್ತದೆ, ಶುಚಿ ಮಾಡುವುದು ಸುಲಭ, ನಕ್ಕಾಗ ಕಾಣುವ ಕೊಕ್ಕೆಯನ್ನು ತೆಗೆಯಬಹುದು. ಮುಂದೊಂದು ದಿನ ಅದರ ಮೇಲೆ ಸ್ಥಿರ ಹಲ್ಲು ಕಟ್ಟಲೂ ಬಹುದು. ಆದರೆ ಹಲಗೆಯ ಉದಾಹರಣೆಗೆ ಮರಳಿದರೆ, ಕಟ್ಟೆಯ ಪಕ್ಕದಲ್ಲೇ ಇಟ್ಟಿಗೆ ಇಟ್ಟಂತಾಯಿತು. ಹಿಂದಿನ ತುದಿ ಇನ್ನೂ ಹಾಸಿಗೆಯ ಮೇಲೇ ಇದೆ. ಹಿಂದಕ್ಕೆ ನೆಟ್ಟರೆ ವಾಲಾಟ ನಿಲ್ಲುತ್ತದೆ, ಆದರೆ ಮೂಳೆಯ ಎತ್ತರ ಕಡಿಮೆ ಇರುವುದು ಅಲ್ಲೇ. ಗಿಡ್ಡ ಇಂಪ್ಲಾಂಟ್ ತನ್ನ ಯೋಗ್ಯತೆ ತೋರಿಸುವುದು ಇಂಥ ಕಡೆ: ತಪ್ಪು ಜಾಗದಲ್ಲಿ ನಿಂತ 12 ಮಿಲಿಮೀಟರಿಗಿಂತ ಸರಿಯಾದ ಜಾಗದಲ್ಲಿ ನಿಂತ 6 ಮಿಲಿಮೀಟರ್ ಹೆಚ್ಚು ಕೆಲಸ ಮಾಡಬಲ್ಲದು.

ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನು ಜಾಣತನದಿಂದ ಪರೀಕ್ಷಿಸಿದರು. ಎರಡೂ ಬದಿಯ ಹಿಂದಿನ ಹಲ್ಲು ಕಳೆದುಕೊಂಡ 30 ಜನರಿಗೆ ಮುಂದೆ ಎರಡು, ಹಿಂದೆ ಎರಡು ಇಂಪ್ಲಾಂಟ್ ನೆಟ್ಟು, ಸೆಟ್ಟನ್ನು ಕೆಲವು ಕಾಲ ಮುಂದಿನ ಜೋಡಿಗೆ, ಕೆಲವು ಕಾಲ ಹಿಂದಿನ ಜೋಡಿಗೆ ತಗುಲಿಸಿದರು. ಒಬ್ಬರದೇ ಬಾಯಿ ಎರಡನ್ನೂ ಕಂಡಿತು. ಇಂಪ್ಲಾಂಟ್ ಇಲ್ಲದ ಸೆಟ್ಟಿಗಿಂತ ಎರಡೂ ಮೇಲು ಎಂದರು ಅವರು. ಕೊನೆಗೆ ಯಾವುದು ಬೇಕು ಎಂದಾಗ ಅರ್ಧಕ್ಕಿಂತ ಹೆಚ್ಚು ಜನ ಹಿಂದಿನದನ್ನೇ ಆರಿಸಿದರು. ಮುಂದಿನದನ್ನು ಆರಿಸಿದವರು ಬೆರಳೆಣಿಕೆಯವರು, ಉಳಿದವರಿಗೆ ಎರಡೂ ಒಂದೇ.

ಮೇಲೆ ಕೂರುವ ಗುಂಡಿ, ಆಮೇಲಿನ ಆರೈಕೆ

ಇಂಪ್ಲಾಂಟ್ ಮೇಲೆ ಬರಿಯ ನುಣುಪು ಟೋಪಿ ಹಾಕಿದರೆ ಸೆಟ್ ಅದರ ಮೇಲೆ ಒರಗುತ್ತದೆ, ಅಷ್ಟೆ. ಕುಸಿತ ನಿಲ್ಲುತ್ತದೆ, ಮೇಲೇಳುವುದನ್ನು ಕೊಕ್ಕೆಗಳೇ ತಡೆಯಬೇಕು. ಗಿಡ್ಡ ಇಂಪ್ಲಾಂಟ್‌ಗೆ ಇದು ಅತ್ಯಂತ ಕಡಿಮೆ ಕಾಟ ಕೊಡುವ ವ್ಯವಸ್ಥೆ. ಹಿಡಿತವೂ ಬೇಕೆಂದರೆ ಅಂಗಿಯ ಟಿಚ್ ಬಟನ್‌ನಂತೆ ಕೂತು ಬಿಡುವ ಜೋಡಣೆ ಹಾಕುತ್ತಾರೆ. ಸೆಟ್ಟಿನ ಒಳಗೆ ನೈಲಾನಿನ ಬಿಲ್ಲೆ, ಇಂಪ್ಲಾಂಟ್ ಮೇಲೆ ಲೋಹದ ಗುಂಡಿ. ಆಯಸ್ಕಾಂತದವೂ ಇವೆ, ಕೈಬೆರಳಿನ ಶಕ್ತಿ ಕುಂದಿದವರಿಗೆ ಅವು ಸುಲಭ. ನೈಲಾನ್ ಬಿಲ್ಲೆ ಸವೆದು ಸಡಿಲವಾದಾಗ ಬದಲಿಸಬೇಕು, ಹಾಕುವ ಮುನ್ನವೇ ಆ ಬಿಲ್ಲೆ ಮುಂದೆಯೂ ಸಿಗುತ್ತದೆಯೇ, ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿಟ್ಟುಕೊಳ್ಳಿ. ಇಂಪ್ಲಾಂಟಿನ ಕಂಪನಿ, ಉದ್ದ, ದಪ್ಪ ಬರೆದ ಚೀಟಿಯನ್ನೂ ಪಡೆದು ಜೋಪಾನ ಮಾಡಿ. ಊರು ಬದಲಿಸಿದರೆ ಬೇರೆ ವೈದ್ಯರಿಗೆ ಅದಿಲ್ಲದೆ ಏನೂ ಮಾಡಲಾಗದು.

ನೆಟ್ಟ ಮೇಲೆ ಮೂಳೆ ಬೆಸೆಯಲು ಕೆಳದವಡೆಯಲ್ಲಿ ಎರಡು ಮೂರು ತಿಂಗಳು, ಮೇಲಿನದರಲ್ಲಿ ಅದಕ್ಕೂ ಹೆಚ್ಚು ಬೇಕು. ಈ ಅವಧಿಯಲ್ಲಿ ಹಳೆಯ ಸೆಟ್ಟನ್ನು ಹಾಗೆಯೇ ಹಾಕಿಕೊಂಡರೆ ಅದು ಇಂಪ್ಲಾಂಟಿನ ತಲೆಯನ್ನು ಒತ್ತಿ ಬೆಸುಗೆ ಕೆಡಿಸಬಹುದು. ಆ ಜಾಗದಲ್ಲಿ ಸೆಟ್ಟಿನ ಒಳಮೈಯನ್ನು ಕೆರೆದು ಮೆತ್ತನೆಯ ಪದರ ಕೊಡಿಸಿಕೊಳ್ಳಬೇಕು. ಆಮೇಲೆ ದಿನವೂ ಸೆಟ್ ತೆಗೆದು ಇಂಪ್ಲಾಂಟಿನ ಸುತ್ತ ಮೆದು ಬ್ರಷ್ ಆಡಿಸಬೇಕು. ಅದಕ್ಕೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡಿಗೆ ಸೋಂಕು ತಗುಲಿ ಮೂಳೆ ಸವೆಯಬಹುದು, ಅದೂ ಬಹುಕಾಲ ನೋವಿಲ್ಲದೆ. ಉಜ್ಜುವಾಗ ರಕ್ತ ಕಂಡರೆ ತೋರಿಸಿ. ಎಲೆಯಡಿಕೆ ಹಾಕುವವರು ಸುಣ್ಣದ ಗಟ್ಟಿ ಪದರ ಗುಂಡಿಯ ಸುತ್ತ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಅದು ಕಟ್ಟಿದರೆ ಸೆಟ್ ಸರಿಯಾಗಿ ಕೂರುವುದೇ ಇಲ್ಲ. ರಾತ್ರಿ ಮಲಗುವಾಗ ಸೆಟ್ ತೆಗೆದು ನೀರಿನಲ್ಲಿಡಿ. ಬಿಸಿ ನೀರು ಬೇಡ, ಅದರಿಂದ ಅಕ್ರಿಲಿಕ್ ಸೊಟ್ಟಗಾಗುತ್ತದೆ.